ಕೊಯ್ಲಿನ ಯಂತ್ರದ ಮನೆತನ

ವರ್ಜೀನಿಯಾ, ಅಮೆರಿಕ

ತೀರ್ಥರೂಪ ಅಪ್ಪಾಜಿಯವರ ಪಾದಗಳಿಗೆ ನಿಮ್ಮ ಮಗನ ಶರಣು ಶರಣಾರ್ಥಿಗಳು. ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ಬಾಗೇವಾಡಿಯಲ್ಲಿ ನೀವು, ಅವ್ವ, ಕಾಕಾ, ಕಾಕು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಾನಿರುವ ರಾಜ್ಯದ ಶೆನಂಡೋವಾ ಕಣಿವೆಯಲ್ಲಿ ವಾಲ್ನಟ್ ಗ್ರೋವ್ ಎಂಬ ಹಳೆಯ ಹೊಲಮನೆಯೊಂದಿದೆ. ಕೊಯ್ಲಿನ ಯಂತ್ರವನ್ನು ಜಗತ್ತಿಗೆಲ್ಲ ಮಾರಿದ ಸೈರಸ್ ಮೆಕಾರ್ಮಿಕ್ ಹುಟ್ಟಿದ್ದು 1809ರಲ್ಲಿ ಇಲ್ಲಿಯೇ. ಕಂಬಾರಸಾಲೆ, ಹಿಟ್ಟಿನ ಗಿರಣಿ ಎರಡನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಭೂಮಿ ಈಗ ಇಲ್ಲಿಯ ವಿಶ್ವವಿದ್ಯಾಲಯವೊಂದರ ಕೃಷಿ ಸಂಶೋಧನಾ ಕೇಂದ್ರವಾಗಿದೆ. ನಿಮಗೆ ಇಷ್ಟವಾಗುವ ಕಥೆ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಂತ್ರದ ಹಂಬಲ ಮೊದಲು ಹತ್ತಿದ್ದು ಮಗನಿಗಲ್ಲ, ತಂದೆ ರಾಬರ್ಟ್‌ನಿಗೆ. ಕಾಳು ಬಲಿತ ಮೇಲೆ ಗೋಧಿ ಬಹಳ ದಿನ ಕಾಯುವುದಿಲ್ಲ, ಉದುರಿ ಹೋಗುತ್ತದೆ. ಎಷ್ಟು ಕೊಯ್ಯಲು ಆಳುಗಳಿದ್ದಾರೋ ಅಷ್ಟೇ ಬಿತ್ತಬೇಕು ಎಂಬುದು ಆ ಕಾಲದ ರೈತರ ಕಟ್ಟುಪಾಡು. ಅದನ್ನು ಮುರಿಯಲು ರಾಬರ್ಟ್ ವರ್ಷಗಟ್ಟಲೆ ಹೆಣಗಿ ಕೊನೆಗೆ ಕೈಬಿಟ್ಟರು. ಮಗ ಅದೇ ಸಾಲೆಯಲ್ಲಿ ಕೆಲಸ ಮುಂದುವರಿಸಿ, 1831ರಲ್ಲಿ ಹತ್ತಿರದ ಸ್ಟೀಲ್ಸ್ ಟ್ಯಾವರ್ನ್ ಎಂಬಲ್ಲಿ ಓಟ್ಸ್ ಹೊಲದೊಳಗೆ ಯಂತ್ರ ಓಡಿಸಿ ತೋರಿಸಿದ. 1834ರಲ್ಲಿ ಪೇಟೆಂಟ್ ಪಡೆದ.

ಯಂತ್ರದ ಒಳಗುಟ್ಟು ನಮ್ಮ ಕಂಬಾರರಿಗೆ ಒಂದೇ ನೋಟಕ್ಕೆ ತಿಳಿಯುವಂಥದು. ಕುದುರೆ ಎಳೆದಾಗ ನೆಲದ ಮೇಲೆ ಉರುಳುವ ದೊಡ್ಡ ಗಾಲಿಯೇ ಹಲ್ಲುಳ್ಳ ಅಲಗನ್ನು ಎಡಬಲಕ್ಕೆ ಸರಸರನೆ ಆಡಿಸುತ್ತದೆ. ಅಲಗಿನ ಮುಂದೆ ಚಾಚಿಕೊಂಡ ಬೆರಳುಗಳು ದಂಟು ಸರಿಯದಂತೆ ತಡೆದು ಹಿಡಿಯುತ್ತವೆ. ಮೇಲೆ ತಿರುಗುವ ರೆಕ್ಕೆಗಳು ಬೆಳೆಯನ್ನು ಅಲಗಿನತ್ತ ಬಾಗಿಸಿ, ಕೊಯ್ದದ್ದನ್ನು ಹಿಂದಿನ ಹಲಗೆಯ ಮೇಲೆ ಕೆಡಹುತ್ತವೆ. ಪಕ್ಕದಲ್ಲಿ ನಡೆಯುವ ಆಳು ಅದನ್ನು ಎಳೆದು ನೆಲಕ್ಕೆ ಹಾಕುತ್ತ ಹೋದರೆ, ಸಿವುಡು ಕಟ್ಟುವವರು ಹಿಂದಿನಿಂದ ಬರುತ್ತಾರೆ. ಇಂದು ನಮ್ಮ ಸೀಮೆಗೆ ಬಾಡಿಗೆಗೆ ಬರುವ ಕಟಾವು ಯಂತ್ರದ ಮುಂಭಾಗದಲ್ಲಿಯೂ ಅದೇ ಅಲಗು, ಅದೇ ಬೆರಳು, ಅದೇ ತಿರುಗುವ ರೆಕ್ಕೆ ಇರುವುದನ್ನು ನೀವು ನೋಡಿದ್ದೀರಿ.

ಆದರೂ ಹತ್ತು ವರ್ಷದವರೆಗೆ ಯಾರೂ ಅದನ್ನು ಹೆಚ್ಚಾಗಿ ಕೊಳ್ಳಲಿಲ್ಲ. ನಡುವೆ ಕಬ್ಬಿಣ ಕರಗಿಸುವ ಕುಲುಮೆಯ ವ್ಯವಹಾರಕ್ಕೆ ಕೈಹಾಕಿ, 1837ರ ಆರ್ಥಿಕ ಕುಸಿತದಲ್ಲಿ ಮನೆತನವೇ ಸಾಲಕ್ಕೆ ಬಿತ್ತು. 1847ರಲ್ಲಿ ಸೈರಸ್ ಶಿಕಾಗೋದಲ್ಲಿ ಕಾರ್ಖಾನೆ ಕಟ್ಟಿ ತಮ್ಮಂದಿರನ್ನೂ ಕರೆಸಿಕೊಂಡ. ಅವನ ನಿಜವಾದ ಜಾಣ್ಮೆ ಕಂಡದ್ದು ಮಾರಾಟದಲ್ಲಿ ಎಂದು ನನ್ನ ಅಭಿಪ್ರಾಯ: ಎಲ್ಲರಿಗೂ ಒಂದೇ ಬೆಲೆ, ಬರವಣಿಗೆಯಲ್ಲಿ ಖಾತರಿ, ಮುಂಗಡ ಸ್ವಲ್ಪ, ಉಳಿದದ್ದು ಸುಗ್ಗಿಯಾದ ಮೇಲೆ. 1871ರ ಶಿಕಾಗೋ ಬೆಂಕಿಯಲ್ಲಿ ಕಾರ್ಖಾನೆ ಸುಟ್ಟುಹೋದಾಗ, ಮತ್ತೆ ಕಟ್ಟೋಣವೆಂದು ಒತ್ತಾಯಿಸಿದವಳು ಹೆಂಡತಿ ನೆಟ್ಟಿ ಎಂದು ಹೇಳುತ್ತಾರೆ.

ಅವನು ನಿಷ್ಠೆಯ ಪ್ರೆಸ್ಬಿಟೇರಿಯನ್ ಕ್ರೈಸ್ತ. ನಮ್ಮ ಕಡೆ ಮಠಗಳಲ್ಲಿ ವಟುಗಳನ್ನು ತಯಾರು ಮಾಡುವಂತೆ ಪಾದ್ರಿಗಳನ್ನು ತಯಾರು ಮಾಡುವ ವಿದ್ಯಾಲಯವೊಂದನ್ನು ಶಿಕಾಗೋಗೆ ತರಿಸಲು 1859ರಲ್ಲಿ 1,00,000 ಡಾಲರ್ ಕೊಟ್ಟ. ಇಂದಿಗೂ ಅದಕ್ಕೆ ಅವನದೇ ಹೆಸರು. ಸೈರಸ್‌ಗಿಂತ ಮೊದಲೇ, 1820ರ ದಶಕದಲ್ಲಿ, ಮುಂದೆ ಪಾದ್ರಿಯಾದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಎಂಬವನೂ ಒಂದು ಕೊಯ್ಲಿನ ಯಂತ್ರ ಮಾಡಿದ್ದ. ಅವನು ಪೇಟೆಂಟನ್ನೇ ಪಡೆಯಲಿಲ್ಲ. ಇಬ್ಬರೂ ಒಂದೇ ದೇವರ ಭಕ್ತರು!

ಇಷ್ಟೆಲ್ಲ ಇದ್ದರೂ ನನಗೆ ಮುಳ್ಳಿನಂತೆ ಚುಚ್ಚುವ ಹೆಸರು ಜೋ ಆಂಡರ್ಸನ್. ಅವನು ಆ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕನ್ ಮೂಲದ ಮನುಷ್ಯ. ಸೈರಸ್‌ನ ಜೊತೆ ಅದೇ ಸಾಲೆಯಲ್ಲಿ ಯಂತ್ರಕ್ಕಾಗಿ ದುಡಿದವನು. ಪೇಟೆಂಟಿನಲ್ಲಿ ಅವನ ಹೆಸರಿಲ್ಲ. ಸೈರಸ್ ತೀರಿಕೊಂಡದ್ದು 1884ರಲ್ಲಿ. ತಮ್ಮ ಲಿಯಾಂಡರ್, ಯಂತ್ರ ಕಂಡುಹಿಡಿದವರು ಅಣ್ಣನಲ್ಲ, ಅಪ್ಪ ಎಂದು ವಾದ ಹೂಡಿದ. ಜಗಳವೆಲ್ಲ ಮನೆಯವರ ನಡುವೆಯೇ ನಡೆಯಿತು. ಆಂಡರ್ಸನ್ ಪರವಾಗಿ ಆಗ ಮಾತನಾಡುವವರು ಯಾರಿದ್ದರು? ಸೈರಸ್‌ನ ಭಕ್ತಿ ಡೋಂಗಿಯೆಂದು ನಾನು ಹೇಳುವುದಿಲ್ಲ. ಆದರೆ ಬಸವಣ್ಣ ಹುಟ್ಟಿದ ಊರಿನಲ್ಲಿ ಬೆಳೆದ ನನಗೆ, ಪಕ್ಕದಲ್ಲಿ ನಿಂತು ಕಾಯಕ ಮಾಡಿದವನನ್ನು ಕಾಣದ ಭಕ್ತಿಗೆ ಕೈಮುಗಿಯಲು ಮನಸ್ಸು ಬರುತ್ತಿಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಕಾಕಾ ಮತ್ತು ನೀವು ಸುಧಾರಿಸಿದ ಕೂರಿಗೆಯನ್ನು ಧಾರವಾಡದ ಕೃಷಿ ಮೇಳದಲ್ಲಿ ತೋರಿಸಬೇಕೆಂದಿದ್ದೀರಿ ಎಂದು ಅಣ್ಣ ಫೋನಿನಲ್ಲಿ ತಿಳಿಸಿದ. ಬೀಜ ಬೀಳುವ ತಾಳು ಮಣ್ಣಿನಿಂದ ಕಟ್ಟದಂತೆ ಅದರ ತುದಿಯನ್ನು ಬಾಗಿಸುವ ಉಪಾಯ ಹೇಳಿದವರು ನಮ್ಮ ಓಣಿಯ ಕಂಬಾರ ಕಾಕಾ ಅಲ್ಲವೇ? ಅರ್ಜಿಯಲ್ಲಿ ನಿಮ್ಮಿಬ್ಬರ ಹೆಸರಿನ ಸಾಲಿನಲ್ಲಿಯೇ ಅವರ ಹೆಸರನ್ನೂ ಬರೆಸಬೇಕೆಂದು ವಿನಂತಿ. ನಮ್ಮ ಮನೆಯ ಕಾಕಾ ಒಪ್ಪದಿದ್ದರೆ ಈ ಪತ್ರವನ್ನು ಅವರಿಗೆ ಓದಿ ಹೇಳಿರಿ.

ಅವ್ವನಿಗೂ ಕಾಕುವಿಗೂ ನಮಸ್ಕಾರ ತಿಳಿಸಿರಿ.

ಇತಿ ನಿಮ್ಮ ಮಗ