‘ನಮ್ಮ ಕಡೆ ಸರಿ ಇದೆ’ ಎಂದು ಕೈ ತೊಳೆದುಕೊಳ್ಳದವರಿಗೆ ಧನ್ಯವಾದ

ಹೋದ ವಾರ ನಮ್ಮ ಕುಶಾಲನಗರದ ಗೋಡೌನಿನಿಂದ ಈ ಸೀಸನ್ನಿನ ಮೊದಲ ಕಂಟೇನರ್ ಮಂಗಳೂರು ಬಂದರಿಗೆ ಹೊರಟಿತು. ಅದರೊಳಗಿನ ಕಾಫಿ ಯಾವ ಯಾವ ತೋಟದ್ದೋ, ಆ ಎಲ್ಲ ಬೆಳೆಗಾರರ ದಾಖಲೆಯೂ ಸರಿಯಾದ ಹೆಸರಿನಲ್ಲಿ, ಸರಿಯಾದ ಜಾಗದಲ್ಲಿ ಇತ್ತು. ಹೊರಗಿನವರಿಗೆ ಇದರಲ್ಲೇನು ವಿಶೇಷ ಅನಿಸಬಹುದು. ಮಳೆಗಾಲದಿಂದ ಇಲ್ಲಿಯವರೆಗೆ ನಮ್ಮ ಆಫೀಸು ಪಟ್ಟ ಪಾಡು ನೋಡಿದವರಿಗೆ ಅದು ಎಷ್ಟು ದೊಡ್ಡದು ಎಂದು ಗೊತ್ತು. ಇದನ್ನು ಸಾಧ್ಯ ಮಾಡಿದವರಿಗೆ ಎಲ್ಲರೆದುರೇ ಧನ್ಯವಾದ ಹೇಳಬೇಕು. ಹೆಸರು ಹಾಕಬೇಡಿ ಎಂದು ಅವರಲ್ಲಿ ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ನಾನು ಕಾಫಿ ಖರೀದಿಸಿ ರಫ್ತು ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಹೋದ ಬೇಸಿಗೆಯಲ್ಲಿ ನಾವು ಬೆಂಗಳೂರಿನ ಇನ್ನೊಂದು ಸಂಸ್ಥೆಯ ಜೊತೆ ಸೇರಿದೆವು. ನಾವು ಇಲ್ಲಿ ಸ್ಲ್ಯಾಕ್ ಎಂಬ ಮೆಸೇಜ್ ಆ್ಯಪ್ ಬಳಸುತ್ತಿದ್ದೆವು. ತೋಟಗಳಿಗೆ ಹೋಗುವ ಹುಡುಗರಿಗೆ ಅದು ಕೈಗೆ ಹತ್ತಿತ್ತು: ಫೋನಿನಲ್ಲಿ ಫೋಟೋ ತೆಗೆ, ಕಳಿಸು, ಮುಗಿಯಿತು. ಬೆಂಗಳೂರಿನವರದ್ದು ಪೂರ್ತಿ ಮೈಕ್ರೋಸಾಫ್ಟ್. ಮಾತಿಗೆ ಟೀಮ್ಸ್, ಮೀಟಿಂಗಿಗೆ ಔಟ್‌ಲುಕ್, ದಾಖಲೆಗೆ ಶೇರ್‌ಪಾಯಿಂಟ್. ಕೊಯ್ಲಿಗೆ ಮುಂಚೆ ಎಲ್ಲರನ್ನೂ ಹೊಸದಕ್ಕೆ ಬದಲಾಯಿಸಲು ಸಮಯ ಇರಲಿಲ್ಲ. ಹಾಗಾಗಿ ಎರಡರ ಮಧ್ಯೆ ಒಂದು ಕನೆಕ್ಟರ್ ಬಂತು, ಅಂದರೆ ಇಲ್ಲಿನ ಮೆಸೇಜ್, ಫೈಲುಗಳನ್ನು ಅಲ್ಲಿಗೆ ದಾಟಿಸುವ ಸಾಫ್ಟ್‌ವೇರ್. ತೂಕದ ಸಾಫ್ಟ್‌ವೇರ್ ಇಲ್ಲೇ ಇರುವುದರಿಂದ ಅದನ್ನೂ ಕುಶಾಲನಗರದ ಸರ್ವರ್ ಮೇಲೇ ಕೂರಿಸಿದರು.

ದಾಖಲೆಗೆ ಯಾಕೆ ಇಷ್ಟು ಮಹತ್ವ ಎಂದರೆ, ಯುರೋಪಿನ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯುವ ನಿಯಮ ತಂದಿದೆ. ಕಾಫಿಯೂ ಅದರ ಪಟ್ಟಿಯಲ್ಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು. ಪ್ರತಿ ತೋಟ ಎಲ್ಲಿದೆ ಎಂದು ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಲ ಗಡಿಯನ್ನೇ ಗುರುತು ಮಾಡಿ ಕೊಡಬೇಕು. ಜಾರಿಯ ದಿನ ಮುಂದೆ ಹೋಗುತ್ತಾ ಬಂದರೂ ಕೊಳ್ಳುವವರು ಈಗಾಗಲೇ ಕೇಳಲು ಶುರು ಮಾಡಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ನಮ್ಮ ಕೊಡಗು. ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಅವರ ಪಹಣಿ ಕಳೆದುಹೋದರೆ ಅವರ ಕಾಫಿ ಆ ಕಂಟೇನರ್ ಹತ್ತುವುದಿಲ್ಲ, ಅಷ್ಟೇ.

ಮಳೆ ಹಿಡಿದ ಮೇಲೆ ಒಂದೊಂದೇ ಕೆಡಲು ಶುರುವಾಯಿತು. ಕೆಲವು ಮೆಸೇಜ್ ಟೀಮ್ಸ್‌ಗೆ ಬರುವುದೇ ಇಲ್ಲ. ಫೈಲ್ ಹೋಯಿತು ಎಂದು ತೋರಿಸುತ್ತದೆ, ಹುಡುಕಿದರೆ ಇಲ್ಲ. ಎಲ್ಲಿ ಕೇಳಿದರೂ ಒಂದೇ ಉತ್ತರ: ನಮ್ಮ ಕಡೆ ಸರಿ ಇದೆ. ಸ್ಲ್ಯಾಕ್ ನೋಡಿಕೊಳ್ಳುವವರು ತೋರಿಸಿದರು, ನಿಜವಾಗಿಯೂ ಸರಿ ಇತ್ತು. ಶೇರ್‌ಪಾಯಿಂಟ್ ನೋಡಿಕೊಳ್ಳುವವರು ತೋರಿಸಿದರು, ಅಲ್ಲೂ ಸರಿ ಇತ್ತು. ಎರಡು ವ್ಯವಸ್ಥೆಗಳನ್ನು ಜೋಡಿಸುವ ಕೆಲಸದಲ್ಲಿ ಇದೇ ಕಷ್ಟ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ತೊಂದರೆ ಇರುವುದು ಯಾರ ಕಡೆಯೂ ಅಲ್ಲದ ಜಾಗದಲ್ಲಿ. ಆ ಜಾಗಕ್ಕೆ ತಾವಾಗಿಯೇ ಇಳಿದು ನೋಡಿದವರಿಗೇ ಈ ಬರಹ.

ಮೊದಲ ಧನ್ಯವಾದ ನಮ್ಮ ಡೇಟಾ ಎಂಟ್ರಿ ಮಾಡುವ ಅಕ್ಕನಿಗೆ. ಅವರಿಗೆ ಇಡೀ ಕೊಡಗಿನ ಮನೆಹೆಸರುಗಳು ಬಾಯಿಗೆ ಬರುತ್ತವೆ. ಹೆಸರು ಹೇಳಿದರೆ ಊರು ಹೇಳುತ್ತಾರೆ. ಜಮ್ಮಾ ಬಾಣೆಯ, ಅಂದರೆ ವಂಶದಿಂದ ಬಂದ ಜಮೀನಿನ, ಪಹಣಿಯಲ್ಲಿ ತಾತ ಮುತ್ತಾತಂದಿರ ಕಾಲದಿಂದ ಎಷ್ಟು ಹೆಸರು ಸೇರಿಕೊಂಡಿರುತ್ತವೆ ಎಂದು ಇಲ್ಲಿಯವರಿಗೆ ಗೊತ್ತಲ್ವಾ, ಅದನ್ನೂ ನಿಧಾನವಾಗಿ ಬಿಡಿಸಿ ಓದುತ್ತಾರೆ. ಒಂದು ಮಧ್ಯಾಹ್ನ ನಾಪೋಕ್ಲು ಕಡೆಯ ಬೆಳೆಗಾರರ ದಾಖಲೆ ತೆರೆದವರು ಅಲ್ಲೇ ನಿಂತರು. ‘ಈ ಪಹಣಿ ಇವರದ್ದಲ್ಲ. ಇದು ಶನಿವಾರಸಂತೆ ಕಡೆಯದ್ದು’ ಎಂದರು. ಕಂಪ್ಯೂಟರ್ ಪ್ರಕಾರ ಎಲ್ಲ ಸರಿ ಇತ್ತು. ಲಿಂಕ್ ತೆರೆಯುತ್ತಿತ್ತು, ಫೋಟೋ ಚೆನ್ನಾಗಿಯೇ ಕಾಣುತ್ತಿತ್ತು. ಅವರು ಹೆಸರು ಓದದೆ ಹೋಗಿದ್ದರೆ ನಾವು ಅದನ್ನೇ ಕೊಳ್ಳುವವರಿಗೆ ಕಳಿಸಿಬಿಡುತ್ತಿದ್ದೆವು.

ಆ ಒಂದು ಪಹಣಿಯನ್ನು ಬೆಂಗಳೂರಿನ ಎಂಜಿನಿಯರ್‌ಗೆ ಕಳಿಸಿದೆವು. ಇದು ಅವರ ಕೆಲಸವೇ ಅಲ್ಲ. ಆದರೂ ಆ ಸಂಜೆ ಕೂತು ಲಾಗ್, ಅಂದರೆ ಕಂಪ್ಯೂಟರ್ ತಾನು ಮಾಡಿದ್ದನ್ನು ಬರೆದಿಡುವ ಪಟ್ಟಿ, ತೆಗೆದು ನೋಡಿದರು. ಶೇರ್‌ಪಾಯಿಂಟ್‌ಗೆ ಹೊಸ ಫೈಲ್ ಹಾಕಿದರೆ 201 ಎಂಬ ಉತ್ತರ ಬರುತ್ತದೆ. ಇದ್ದ ಫೈಲಿನ ಮೇಲೆ ಬರೆದರೆ 200. ಎರಡೂ ‘ಆಯಿತು’ ಎಂದೇ ಅರ್ಥ, ಹಾಗಾಗಿ ಯಾರೂ ಅದರ ಕಡೆ ನೋಡಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲವೂ ಹೊಸ ಬೆಳೆಗಾರರ ಫೈಲ್ ಅಲ್ವಾ, ಮತ್ತೆ ಇಷ್ಟೊಂದು 200 ಯಾಕೆ?’

ಅಲ್ಲಿಂದ ಗಂಟು ಬಿಚ್ಚಿಕೊಂಡಿತು. ನಮ್ಮ ಹುಡುಗರು ಫೋಟೋದ ಜೊತೆ ಊರು ಮತ್ತು ಸರ್ವೆ ನಂಬರ್ ಬರೆಯುತ್ತಾರೆ. ಜಮೀನು ಭಾಗವಾಗಿದ್ದರೆ ನಂಬರಿನಲ್ಲಿ ಓರೆಗೆರೆ ಇರುತ್ತದೆ: 45/2 ಅನ್ನುವ ಹಾಗೆ. ಶೇರ್‌ಪಾಯಿಂಟ್‌ನಲ್ಲಿ ಫೈಲಿನ ಹೆಸರಿಗೆ ಓರೆಗೆರೆ ಹಾಕುವಂತಿಲ್ಲ, ಅಲ್ಲಿ ಅದು ಫೋಲ್ಡರಿನ ಗುರುತು. ಕನೆಕ್ಟರ್ ಸುಮ್ನೆ ಕೊನೆಯ ಓರೆಗೆರೆಯ ನಂತರದ ಭಾಗವನ್ನು ಮಾತ್ರ ಹೆಸರಾಗಿ ಉಳಿಸಿಕೊಳ್ಳುತ್ತಿತ್ತು. ಊರೂ ಹೋಯಿತು, 45 ಕೂಡ ಹೋಯಿತು. ಉಳಿದದ್ದು ಬರೀ 2. ಯಾವ ಊರಿನದ್ದಾದರೂ, ಯಾವ ಸರ್ವೆ ನಂಬರಿನದ್ದಾದರೂ, ಎರಡನೇ ಭಾಗ ಆಗಿದ್ದರೆ ಅದು ಅದೇ ‘2’ ಎಂಬ ಫೈಲಿನ ಮೇಲೆ ಹೋಗಿ ಕೂರುತ್ತಿತ್ತು. ಭಾಗವಾಗದ ಜಮೀನುಗಳಿಗೆ ಏನೂ ಆಗಿರಲಿಲ್ಲ. ಪರೀಕ್ಷೆ ಮಾಡುವಾಗ ಬಳಸಿದ್ದು ಅಂಥ ನಂಬರುಗಳನ್ನೇ.

ಒಂದು ಫೈಲಿನೊಳಗೆ ಅಷ್ಟೊಂದು ಮನೆಗಳ ಪಹಣಿ ಒಂದರ ಕೆಳಗೊಂದು ಹೂತುಹೋಗಿದ್ದವು. ಶೇರ್‌ಪಾಯಿಂಟ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವುದರಿಂದ ಯಾವುದೂ ನಿಜವಾಗಿ ಕಳೆದಿರಲಿಲ್ಲ. ಅಕ್ಕ ಮತ್ತು ಆ ಎಂಜಿನಿಯರ್ ಇಬ್ಬರೂ ಫೋನಿನಲ್ಲಿ ಕೂತು ಒಂದೊಂದೇ ಆವೃತ್ತಿ ತೆರೆದರು. ಇವರು ಹೆಸರು ಓದುವುದು, ಅವರು ಆ ಹೊತ್ತಿಗೆ ಸ್ಲ್ಯಾಕ್‌ನಲ್ಲಿ ಬಂದ ಮೆಸೇಜ್ ಹುಡುಕಿ ಹೊಂದಿಸುವುದು. ಪೂರ್ತಿ ಆಗುವವರೆಗೆ ಇಬ್ಬರೂ ಬಿಡಲಿಲ್ಲ. ಒಬ್ಬರನ್ನೊಬ್ಬರು ಇನ್ನೂ ಮುಖತಃ ನೋಡಿಯೂ ಇಲ್ಲ.

ಎರಡನೆಯದು ನಮ್ಮ ಜನರೇಟರ್ ನೋಡಿಕೊಳ್ಳುವ ಅಣ್ಣನಿಗೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಅವರಿಲ್ಲದಿದ್ದರೆ ನಾವು ಇನ್ನೂ ಹುಡುಕುತ್ತಲೇ ಇರುತ್ತಿದ್ದೆವು.

ಕೆಲವು ದಿನ ಸ್ಲ್ಯಾಕ್‌ನಿಂದ ಬರುವ ಯಾವ ಮೆಸೇಜನ್ನೂ ಕನೆಕ್ಟರ್ ಒಳಗೆ ಬಿಡುತ್ತಿರಲಿಲ್ಲ. ಲಾಗ್ ತುಂಬಾ 401. ಅಂದರೆ ನೀನು ಯಾರೋ ನಂಬಿಕೆ ಇಲ್ಲ, ಆಚೆ ಹೋಗು ಎಂದು. ಪಾಸ್‌ವರ್ಡ್ ಬದಲಾಯಿಸಿದೆವು. ಕೀಲಿ ಬದಲಾಯಿಸಿದೆವು. ಒಂದೆರಡು ದಿನ ಸರಿ ಇರುತ್ತದೆ, ಮತ್ತೆ ಅದೇ ಕತೆ. ಕರೆಂಟ್ ಹೋದದ್ದಕ್ಕೆ ಇರಬೇಕು ಎಂದುಕೊಂಡೆವು. ಆದರೆ ಆಷಾಢದ ಮಳೆಯಲ್ಲಿ ಇಲ್ಲಿ ಕರೆಂಟ್ ಹೋಗದ ದಿನ ಯಾವುದು? ಮರ ಬೀಳುತ್ತದೆ, ತಂತಿ ಹರಿಯುತ್ತದೆ. ಪ್ರತಿ ಸಲ ಕರೆಂಟ್ ಹೋದಾಗಲೂ 401 ಬರುತ್ತಿರಲಿಲ್ಲ.

ಅಣ್ಣನ ಹತ್ತಿರ ಒಂದು ನೋಟ್ ಬುಕ್ ಇದೆ. ಡೀಸೆಲ್ ಲೆಕ್ಕಕ್ಕೆ ಇಟ್ಟದ್ದು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಎಷ್ಟು ಲೀಟರ್, ಅಷ್ಟೇ ಬರೆಯಬೇಕಾದದ್ದು. ಅವರು ಅದರ ಪಕ್ಕದಲ್ಲಿ ತಮಗೆ ಕಂಡದ್ದನ್ನೂ ಬರೆಯುತ್ತಾರೆ. ನಾನು ಲಾಗಿನ ಪ್ರಿಂಟ್ ಹಿಡಿದುಕೊಂಡು ಅವರ ಹತ್ತಿರ ಹೋದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಓದುತ್ತಾ ಹೋದರು. ಆಮೇಲೆ ಹೇಳಿದರು: ‘ಎಲ್ಲ ದಿನ ಬೇಡ. ಜನರೇಟರ್ ಹತ್ತುವ ಮೊದಲು ಆ ಕೋಣೆಯ ಯುಪಿಎಸ್ ಕೂಗಿ ಕೂಗಿ ನಿಂತುಹೋದ ದಿನ ಮಾತ್ರ ನೋಡಿ.’ ಅಂಥ ದಿನಗಳ ಪಕ್ಕದಲ್ಲಿ ಅವರು ನೀಲಿ ಪೆನ್ನಿನಲ್ಲಿ ಗುಂಡಗೆ ಒಂದು ಗುರುತು ಹಾಕಿದ್ದರು. ಗುರುತು ಇದ್ದಲ್ಲೆಲ್ಲ 401. ಇಲ್ಲದ ಕಡೆ ಇಲ್ಲ. ಅದರ ಜೊತೆ ಇನ್ನೂ ಒಂದು ಸಾಲು ಇತ್ತು: ಸರ್ವರ್ ಪರದೆಯ ಗಂಟೆ ಹಿಂದೆ ಇದೆ.

ಉತ್ತರ ಆ ಸಾಲಿನಲ್ಲೇ ಇತ್ತು. ಸರ್ವರಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸೋತಿತ್ತು. ಪೂರ್ತಿ ಆಫ್ ಆಗಿ ಎದ್ದಾಗಲೆಲ್ಲ ಸರ್ವರ್ ಏಳೆಂಟು ನಿಮಿಷ ಹಿಂದೆ ಬೀಳುತ್ತಿತ್ತು. ಸಾಮಾನ್ಯವಾಗಿ ಸರ್ವರ್ ಇಂಟರ್ನೆಟ್ಟಿನಲ್ಲಿ ಸಮಯ ಕೇಳಿ ತಾನೇ ಸರಿ ಮಾಡಿಕೊಳ್ಳುತ್ತದೆ. ಸಂಸ್ಥೆಗಳು ಸೇರಿದಾಗ ಹಾಕಿದ, ನೆಟ್‌ವರ್ಕ್‌ಗೆ ಕಾವಲು ಕಾಯುವ ಹೊಸ ಫೈರ್‌ವಾಲ್‌ನಲ್ಲಿ ಆ ದಾರಿ, 123ನೇ ಪೋರ್ಟ್, ಮುಚ್ಚಿತ್ತು.

ಏಳೆಂಟು ನಿಮಿಷಕ್ಕೆ ಏನಾಗುತ್ತದೆ ಅನಿಸಬಹುದು. ಸ್ಲ್ಯಾಕ್ ಪ್ರತಿ ಮೆಸೇಜಿನ ಮೇಲೂ ಸಹಿ ಮತ್ತು ಸಮಯ ಹಾಕಿ ಕಳಿಸುತ್ತದೆ. ಆ ಸಮಯಕ್ಕೂ ನಿಮ್ಮ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ತೆಗೆದುಕೊಳ್ಳಬೇಡಿ ಎಂಬುದು ಅವರ ಸಲಹೆ. ಹಳೆಯ ಮೆಸೇಜನ್ನು ಕದ್ದು ಮತ್ತೆ ಕಳಿಸುವವರಿಂದ ಕಾಪಾಡಲು ಈ ನಿಯಮ. ವಿಂಡೋಸ್ ನೆಟ್‌ವರ್ಕ್‌ನ ಲಾಗಿನ್ ಕೂಡ ಹೀಗೆಯೇ, ಅಲ್ಲೂ ಸಾಮಾನ್ಯ ಮಿತಿ 5 ನಿಮಿಷ. ಕನೆಕ್ಟರ್ ತನ್ನ ನಿಯಮ ಸರಿಯಾಗಿಯೇ ಪಾಲಿಸುತ್ತಿತ್ತು. ಸ್ಲ್ಯಾಕ್ ಕೂಡ ಸರಿ. ಗಡಿಯಾರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಹೊಸ ಬ್ಯಾಟರಿ ಹಾಕಿದೆವು. ಆ ರಾತ್ರಿಯೇ ಫೈರ್‌ವಾಲ್‌ನಲ್ಲಿ ದಾರಿ ಬಿಟ್ಟುಕೊಟ್ಟ ಬೆಂಗಳೂರಿನ ನೆಟ್‌ವರ್ಕ್ ಮೇಡಂಗೆ ವಿಶೇಷ ಧನ್ಯವಾದ. ಬೆಳಿಗ್ಗೆ ಅರ್ಜಿ ಹಾಕಿ ಎಂದು ಅವರು ಹೇಳಬಹುದಿತ್ತು. ಅಣ್ಣನ ನೋಟ್ ಬುಕ್ಕಿನ ಆ ಪುಟದ ಫೋಟೋ ಈಗ ನಮ್ಮ ಟೀಮ್ಸ್ ಚಾನೆಲ್ಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದೆ. ಈಗ ಬರುವ ಪ್ರತಿ ದೂರಿಗೂ ನಾವು ಮೊದಲು ಮಾಡುವುದು ಗಡಿಯಾರ ನೋಡುವುದು.

ಅರೇಬಿಕಾ ಕೊಯ್ಲು ಶುರುವಾದ ಮೇಲೆ ಇನ್ನೊಂದು ಬಂತು. ಸೋಮವಾರಪೇಟೆ ಕಡೆಯಿಂದ ‘ಲಾರಿ ಹೊರಟಿದೆ’ ಎಂಬ ಮೆಸೇಜ್ ಒಂದು ಬಂದರೆ ಟೀಮ್ಸ್‌ನಲ್ಲಿ ಮೂರ್ನಾಲ್ಕು ಕಾಣುತ್ತಿತ್ತು. ಗೋಡೌನಿನವರು ಅಷ್ಟೂ ಲಾರಿಗೆ ಹಮಾಲರನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕನೆಕ್ಟರ್ ಮಾಡಿಕೊಟ್ಟ ಸಂಸ್ಥೆಯಲ್ಲಿ ನಮ್ಮ ದೂರು ಒಂದಲ್ಲ ಎರಡಲ್ಲ, ಮತ್ತೆ ಮತ್ತೆ ಮುಚ್ಚಿತು. ಕೊನೆಗೆ ಅಲ್ಲಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗ ಅದನ್ನು ಮುಚ್ಚದೆ, ನನಗೆ ಕರೆ ಮಾಡಿ, ಲಾಗ್ ತೋರಿಸಿ ಎಂದ. ಸ್ಲ್ಯಾಕ್ ಕಳಿಸಿದ ಮೇಲೆ 3 ಸೆಕೆಂಡಿನೊಳಗೆ ‘ಬಂತು’ ಎಂಬ ಉತ್ತರ ಬೇಕು. ಬರದಿದ್ದರೆ ಅದು ಮತ್ತೆ ಕಳಿಸುತ್ತದೆ: ಕೂಡಲೇ ಒಂದು ಸಲ, ಒಂದು ನಿಮಿಷ ಬಿಟ್ಟು ಒಂದು ಸಲ, ಐದು ನಿಮಿಷ ಬಿಟ್ಟು ಇನ್ನೊಂದು ಸಲ. ನಮ್ಮ ಕನೆಕ್ಟರ್ ದೊಡ್ಡ ಫೋಟೋವನ್ನು ಶೇರ್‌ಪಾಯಿಂಟ್‌ಗೆ ಏರಿಸಿ, ಟೀಮ್ಸ್‌ನಲ್ಲಿ ಹಾಕಿ, ಆಮೇಲೆ ಉತ್ತರ ಕೊಡುತ್ತಿತ್ತು. ಇಲ್ಲಿನ ಲೈನ್ ಸ್ವಲ್ಪ ನಿಧಾನವಾದರೂ 3 ಸೆಕೆಂಡ್ ಮೀರುತ್ತಿತ್ತು. ಈಗ ಮೊದಲು ಉತ್ತರ, ಕೆಲಸ ಆಮೇಲೆ. ಒಂದೇ ಗುರುತಿನ ಮೆಸೇಜ್ ಮತ್ತೆ ಬಂದರೆ ಬಿಟ್ಟುಬಿಡುತ್ತದೆ. ಆ ಹುಡುಗನ ಮೇಲಧಿಕಾರಿಗೆ ನಾನು ಪತ್ರ ಬರೆದಿದ್ದೇನೆ. ಇಲ್ಲೂ ಹೇಳುತ್ತೇನೆ: ತುಂಬಾ ಉಪಕಾರವಾಯಿತು.

ಜರ್ಮನಿಯ ಹ್ಯಾಂಬರ್ಗ್‌ನ ಕೊಳ್ಳುವವರ ಕಚೇರಿಯ ಸಹಾಯಕಿಗೂ ನಮ್ಮ ಧನ್ಯವಾದ ಸಲ್ಲಬೇಕು. ಅವರ ಜೊತೆ ಕಾಫಿ ರುಚಿ ನೋಡುವ ಮೀಟಿಂಗ್ ಇತ್ತು. ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿನ ಬೆಳಿಗ್ಗೆ 10 ಎಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಕನೆಕ್ಟರ್ ಹಳೆಯ ವ್ಯತ್ಯಾಸವನ್ನೇ ಹಿಡಿದುಕೊಂಡಿತ್ತು. ನಮ್ಮವರು ಒಂದು ಗಂಟೆ ಮೊದಲೇ ಕಪ್ಪುಗಳನ್ನು ಜೋಡಿಸಿ, ನೀರು ಕಾಯಿಸಿ ಕೂತಿದ್ದರು. ಕಾರಣ ಏನಿರಬಹುದು ಎಂದು ಆ ಸಹಾಯಕಿಯೇ ಊಹಿಸಿ ತಿಳಿಸಿದರು.

ನಮ್ಮ ಮ್ಯಾನೇಜರ್ ಬಗ್ಗೆ ಒಂದು ಮಾತು. ಇಷ್ಟೆಲ್ಲ ನಡೆಯುವಾಗ ಒಂದು ಮೀಟಿಂಗಿನಲ್ಲೂ ಅವರು ‘ಯಾರದ್ದು ತಪ್ಪು’ ಎಂದು ಕೇಳಲಿಲ್ಲ. ಎಲ್ಲರ ಲಾಗನ್ನೂ ಒಂದೇ ಹಾಳೆಯಲ್ಲಿ, ಒಂದೇ ಗಂಟೆಯ ಲೆಕ್ಕದಲ್ಲಿ ಹಾಕಿಸಿದರು. ಸ್ಲ್ಯಾಕ್ ಮತ್ತು ಮೈಕ್ರೋಸಾಫ್ಟ್‌ನಿಂದ ತೆಗೆದ ಲಾಗುಗಳಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಇತ್ತು, ನಮ್ಮದರಲ್ಲಿ ಭಾರತದ ಸಮಯ. 5.30 ಗಂಟೆ ಕೂಡಿಸಿ ಒಂದೇ ಸಾಲಿಗೆ ತಂದ ಮೇಲೆ, ಬೇರೆ ಬೇರೆ ಊರಿನಲ್ಲಿ ಕೂತವರೂ ಒಂದೇ ಸಾಲನ್ನು ನೋಡಿ ಮಾತಾಡುವ ಹಾಗಾಯಿತು. ಇಂಥ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಸಲಹೆ ಎಂದರೆ ಇದೇ: ಆ ಹಾಳೆಯನ್ನು ಮೊದಲ ದಿನವೇ ಮಾಡಿಕೊಳ್ಳಿ.

ಸುರಿಯುವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳಿಗೆ, ಊಟದ ಹೊತ್ತಿನಲ್ಲೂ ಫೋನ್ ಹಿಡಿದು ಕೂತಿದ್ದ ನನ್ನನ್ನು ಸಹಿಸಿಕೊಂಡ ಮನೆಯವರಿಗೆ, ನನ್ನ ಮನಸ್ಸಿನ ತುಂಬ ಕೃತಜ್ಞತೆ ಇದೆ.

ಕೊನೆಯದಾಗಿ ಬೆಳೆಗಾರರಿಗೆ. ಕೊಟ್ಟ ದಾಖಲೆಯನ್ನೇ ಮತ್ತೆ ಕೇಳಿದಾಗ ಬೈಯಬಹುದಿತ್ತು. ನೀವು ಕಾಫಿ ಕೊಟ್ಟು ಕೂರಿಸಿ, ಕಪಾಟಿನಿಂದ ಪಹಣಿ ತೆಗೆದು ಕೊಟ್ಟಿರಿ. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಕೆಲವರ ಫೋಟೋ ಮಸುಕಾಗಿದೆ, ಅದೊಂದು ಬಾಕಿ. ಅದಕ್ಕಾಗಿ ನೀವು ಕುಶಾಲನಗರಕ್ಕೆ ಬರುವುದು ಬೇಡ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ನಮ್ಮ ಹುಡುಗರೇ ಮನೆಗೆ ಬರುತ್ತಾರೆ. ಫೋನ್ ಮಾಡಿಯೇ ಬರುತ್ತಾರೆ.