ಹೊರಡುವ ಮುಂಚೆ ಮಗಳಿಗೊಂದು ಪತ್ರ

ಪುಟ್ಟೀ,

ಮರದಚ್ಚಿನ ಚಿತ್ರ ಮಾಡುವುದನ್ನು ಕಲಿಯಲು ನೀನು ಜಪಾನಿಗೆ ಹೊರಟಿರುವ ಬಗ್ಗೆ ಮೊನ್ನೆ ಊಟದ ಹೊತ್ತಲ್ಲಿ ನಾನಾಡಿದ ಮಾತು ಇಬ್ಬರಿಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ತಪ್ಪಾಯಿತು.

ನೀನು ಪ್ರೆಸ್ಸಿನ ಮೇಜಿನ ಮೇಲೆ ಬಿಟ್ಟುಹೋದ ಜಪಾನಿ ಅಚ್ಚುಚಿತ್ರಗಳ ಪುಸ್ತಕವನ್ನು ಮೂರು ರಾತ್ರಿಯಿಂದ ನೋಡುತ್ತಿದ್ದೇನೆ. ಹಿರೋಶಿಗೆ ಅನ್ನುವ ಕಲಾವಿದ ಬರೆದ ಕಂಬಾರಾ ಊರಿನ ಚಿತ್ರ ದಾಟಿ ಮುಂದೆ ಹೋಗಲು ಆಗುತ್ತಿಲ್ಲ. ತೋಕೈದೋ ದಾರಿಯ ಒಂದು ತಂಗುದಾಣ, 1833ರ ಆಸುಪಾಸಿನದು. ರಾತ್ರಿ, ಹಿಮ, ಮೂರು ಜನ. ಇಬ್ಬರು ಆ ಕಡೆ, ಒಬ್ಬ ಈ ಕಡೆ. ಅವನು ಅರ್ಧ ಮುಚ್ಚಿದ ಕೊಡೆಯೊಳಗೆ ತಲೆ ತೂರಿಸಿಕೊಂಡಿದ್ದಾನೆ. ಮುಖ ಯಾರದ್ದೂ ಸರಿಯಾಗಿ ಕಾಣುವುದಿಲ್ಲ. ಅಷ್ಟು ಮನೆಗಳಿವೆ, ಒಂದರಲ್ಲೂ ದೀಪವಿಲ್ಲ. ಇವರು ಯಾರ ಬಾಗಿಲು ತಟ್ಟುತ್ತಾರೆ? ಕಾಲು ಜಾರಿದರೆ ಯಾರನ್ನು ಕೂಗುತ್ತಾರೆ? ಆ ಕೊಡೆಯ ಕೆಳಗೆ ನನಗೆ ನೀನೇ ಕಾಣುತ್ತೀಯ. ಪುಸ್ತಕ ಮುಚ್ಚಿಡುತ್ತೇನೆ, ಮತ್ತೆ ಅದೇ ಪುಟ ತೆಗೆಯುತ್ತೇನೆ.

ನಿನ್ನೆ ಲೆನ್ಸ್ ಇಟ್ಟು ನೋಡಿದೆ. ಆ ಹಿಮ ಬಣ್ಣವೇ ಅಲ್ಲ, ಬರೀ ಕಾಗದ! ಕತ್ತಲೆಯನ್ನು ಮಾತ್ರ ಹಚ್ಚಿದ್ದಾರೆ. ಹಲಗೆ ಒದ್ದೆ ಮಾಡಿ, ಬಣ್ಣವನ್ನು ಕೈಯಲ್ಲೇ ತೆಳುವಾಗಿಸುತ್ತಾ ಹೋಗುವ ಬೊಕಾಶಿ. ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ನಮ್ಮ ಮೆಷಿನ್‌ನಲ್ಲಿ ಒಮ್ಮೆ ಇಂಕ್ ಕೂರಿಸಿದರೆ ಸಾವಿರ ಪ್ರತಿ ಒಂದೇ ಥರ ಬರುತ್ತವೆ, ಅಲ್ವಾ? ಬಣ್ಣಗಳು ಒಂದರ ಮೇಲೊಂದು ತಪ್ಪದೆ ಕೂರಲು ಹಲಗೆಯಲ್ಲೇ ಕೆಂತೊ ಅಂತ ಗುರುತು ಕೆತ್ತುತ್ತಾರೆ. ಎಂಟನೇ ಕ್ಲಾಸಿನಲ್ಲೇ ನೀನು ಲಗ್ನಪತ್ರಿಕೆಯ ರಿಜಿಸ್ಟರ್, ಅಂದರೆ ಬಣ್ಣಗಳ ಹೊಂದಿಕೆ, ಕೂದಲೆಳೆಯಷ್ಟು ತಪ್ಪಿದ್ದನ್ನು ನನಗಿಂತ ಮೊದಲು ಹಿಡಿದಿದ್ದೆ. ಈ ಕೆಲಸ ನಿನಗೆ ಒಲಿಯುತ್ತದೆ. ಅವತ್ತೇ ಹೇಳಬೇಕಿತ್ತು.

ಉಳಿಯ ಮುಂದೆ ಎಡಗೈ ಇಡಬೇಡ. ಹೊಟ್ಟೆಗೆ ಹಾಕಿಕೊಳ್ಳದೆ ಕೆಲಸಕ್ಕೆ ಕೂರಬೇಡ. ಕವಾಸೆ ಹಾಸುಯಿ ಅನ್ನುವ ಅಚ್ಚುಚಿತ್ರಕಾರನ ಸ್ಕೆಚ್ ಪುಸ್ತಕಗಳೆಲ್ಲ 1923ರ ಭೂಕಂಪದ ಬೆಂಕಿಯಲ್ಲಿ ಹೋದವು. ನೀನು ಬರೆದದ್ದನ್ನೆಲ್ಲ ಫೋಟೊ ತೆಗೆದು ನನಗೂ ಕಳಿಸು, ಇಲ್ಲಿ ಜೋಪಾನವಾಗಿ ಇಡುತ್ತೇನೆ. ಭೂಮಿ ನಡುಗಿದರೆ ಏನು ಮಾಡಬೇಕು ಅಂತ ಮೊದಲ ದಿನವೇ ಕೇಳಿ ತಿಳಿದುಕೋ. ಸುಮ್ನೆ ಹೇಳುತ್ತಿಲ್ಲ.

ಎಲ್ಲ ಕಳೆದುಕೊಂಡ ಮೇಲೂ ಆ ಮನುಷ್ಯ ಊರೂರು ಅಲೆದು ಬರೆದ. ಅವನ 1930ರ ಮಾಗೊಮೆ ಅನ್ನುವ ಜಾಗದ ಚಿತ್ರದಲ್ಲಿ ಪೈನ್ ಮರಗಳ ಹಿಂದೆ ಹುಣ್ಣಿಮೆ ಚಂದ್ರ, ಎಲ್ಲ ನೀಲಿ. ಕೆಳಗೆ ಒಂದು ಮನೆ, ಅದರಲ್ಲೊಂದು ಪುಟ್ಟ ಹಳದಿ ಕಿಟಕಿ. ಅಲ್ಲಿ ಯಾರೋ ಎದ್ದಿದ್ದಾರೆ. ರಾತ್ರಿ ಮಲಗುವ ಮುಂಚೆ ಈಗ ಆ ಪುಟ ತೆಗೆದಿಡುತ್ತೇನೆ.

ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಆರೂವರೆ. ಅಮ್ಮ ದೇವರ ದೀಪ ಹಚ್ಚುವ ಹೊತ್ತು. ಆಗ ಫೋನ್ ಮಾಡು. ನಿನ್ನ ಕೋಣೆಯ ಕಿಟಕಿ ಯಾವ ಕಡೆಗಿದೆ ಹೇಳು.

ನಿನ್ನ ಅಪ್ಪ