ಮೇಲಿನ ಮೆಟ್ಟಿಲಿನಿಂದ ಶುರುಮಾಡು

ಪ್ರೀತಿಯ ಗೆಳೆಯಾ,

ನಿಮ್ಮಮ್ಮ ಮಹಡಿ ಹತ್ತೋಕೆ ಹಾಕಿಸಬೇಕು ಅಂತಿರುವ ಮೆಟ್ಟಿಲ ಕುರ್ಚಿಗೆ ನೀನು ಕಳಿಸಿದ ಎರಡೂ ಕೊಟೇಶನ್ ಓದಿದೆ. ಭಾನುವಾರ ಹನುಮಂತನಗರಕ್ಕೆ ಹೋಗಿ ನಿಮ್ಮ ಮನೆ ಮೆಟ್ಟಿಲನ್ನೂ ಟೇಪು ಹಿಡಿದು ಅಳೆದು ಬಂದೆ. ಪುಣೆಯಲ್ಲಿ ಕೂತು ನೀನು ಕೇಳಿದ್ದು ಒಂದೇ ಪ್ರಶ್ನೆ. ಇಬ್ಬರೂ ಕೊಡುವುದು ಮೆಟ್ಟಿಲ ಮೇಲೆ ಓಡುವ ಕುರ್ಚಿಯನ್ನೇ, ಹಾಗಿದ್ದ ಮೇಲೆ ಒಬ್ಬರದ್ದು ಯಾಕೆ ಅಷ್ಟು ಜಾಸ್ತಿ? ಕುರ್ಚಿ ನೋಡಿದರೆ ಉತ್ತರ ಸಿಗುವುದಿಲ್ಲ ಕಣೋ. ಮೇಲಿನ ಕೊನೆಯ ಮೆಟ್ಟಿಲ ಹತ್ತಿರ ನಿಂತು ನೋಡಬೇಕು.

ಕಮ್ಮಿ ಬೆಲೆಯ ಕೊಟೇಶನ್ನಿನಲ್ಲಿ ರೈಲು, ಅಂದರೆ ಕುರ್ಚಿ ಓಡುವ ಕಂಬಿ, ಕೊನೆಯ ಮೆಟ್ಟಿಲಿಗೇ ಮುಗಿಯುತ್ತದೆ. ಕುರ್ಚಿ ಅಲ್ಲಿ ನಿಲ್ಲುತ್ತದೆ. ಸೀಟಿನ ಕೆಳಗಿರುವ ಲಿವರ್ ಒತ್ತಿ ಹಿಡಿದು, ಮೈ ತಿರುಗಿಸಿ, ಸೀಟನ್ನು ಒಳಗಿನ ಕಡೆಗೆ ತಿರುಗಿಸಿಕೊಂಡು ಅಮ್ಮ ಎದ್ದು ನಿಲ್ಲಬೇಕು. ಆ ಹೊತ್ತಿಗೆ ಅವರ ಪಕ್ಕದಲ್ಲೇ ಇಡೀ ಮೆಟ್ಟಿಲ ಸಾಲು ಕೆಳಕ್ಕೆ ಬಾಯಿಬಿಟ್ಟುಕೊಂಡಿರುತ್ತದೆ. ಜಾಸ್ತಿ ಬೆಲೆಯದ್ದರಲ್ಲಿ ರೈಲು ಮೇಲೆ ಬಂದ ಮೇಲೂ ನಿಲ್ಲದೆ ಗೋಡೆಗುಂಟ ಬಾಗಿ, ನಿಮ್ಮಪ್ಪನ ಪುಸ್ತಕದ ಬೀರು ಇದೆಯಲ್ಲ, ಅದರ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿ ಎದ್ದರೆ ಕಾಲ ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲಾ ಸಮ ನೆಲ. ಕೊಟೇಶನ್ನಿನಲ್ಲಿ ಇದು 'ಟಾಪ್ ಓವರ್‌ರನ್' ಅಂತ ಒಂದೇ ಸಾಲು. ನೀನು ಆ ಸಾಲಿನ ಪಕ್ಕ ಪ್ರಶ್ನೆಚಿಹ್ನೆ ಹಾಕಿದ್ದೀಯ. ಬೇರೆ ಏನನ್ನಾದರೂ ಹೊಡೆದುಹಾಕು, ಅದೊಂದನ್ನು ಬಿಡಬೇಡ.

ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ ರೈಲು ಮೇಲಿನ ಮೆಟ್ಟಿಲಿಗೇ ಮುಗಿದಿದೆ. ಯಜಮಾನರು ಹತ್ತುವಾಗೆಲ್ಲಾ ಸೊಸೆ ಮೊದಲೇ ಮೇಲೆ ಹೋಗಿ, ಅವರು ಎದ್ದು ಎರಡು ಹೆಜ್ಜೆ ಇಡುವ ತನಕ ಬೆನ್ನಿಗೆ ಕೈ ಕೊಟ್ಟು ನಿಲ್ಲಬೇಕು. ಅವರಿಗೆ ಸೊಸೆ ಇದ್ದಾಳೆ. ನಿಮ್ಮಮ್ಮ ಹಗಲೆಲ್ಲಾ ಒಬ್ಬರೇ.

ಇನ್ನು ನಿಮ್ಮ ಮನೆ ವಿಷಯ. ಮೂವತ್ತು ನಲವತ್ತು ಸೈಟಿನಲ್ಲಿ ಕಟ್ಟಿದ ಬಹಳಷ್ಟು ಮನೆಗಳ ಹಾಗೆ ನಿಮ್ಮದೂ ಅರ್ಧ ಹತ್ತಿ, ಲ್ಯಾಂಡಿಂಗಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಉಳಿದರ್ಧ ಹತ್ತುವ ಮೆಟ್ಟಿಲು. ನೇರ ಮೆಟ್ಟಿಲಾಗಿದ್ದರೆ ಈ ಪತ್ರ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ನೇರ ರೈಲು ಉದ್ದಕ್ಕೆ ಕತ್ತರಿಸಿ ಕೂರಿಸುವ ವಸ್ತು, ಬೇಗ ಸಿಗುತ್ತದೆ, ನಾಳೆ ಬೇಡವಾದರೆ ಇನ್ನೊಬ್ಬರ ಮನೆಗೂ ಆಗುತ್ತದೆ. ತಿರುವಿನ ರೈಲು ಹಾಗಲ್ಲ. ಮೆಟ್ಟಿಲ ಮೇಲೆ ಗುರುತು ಅಂಟಿಸಿ, ಕ್ಯಾಮೆರಾದಲ್ಲಿ ಫೋಟೋ ತೆಗೆದು ಅಳತೆ ಮಾಡುತ್ತಾರೆ. ಆ ಅಳತೆಗೆ ಫ್ಯಾಕ್ಟರಿಯಲ್ಲಿ ಬಾಗಿಸುತ್ತಾರೆ. ಬಹಳಷ್ಟು ಕಂಪನಿಗಳದ್ದು ಯುರೋಪಿನಲ್ಲಿ ತಯಾರಾಗಿ ಬರುವುದು, ಅದಕ್ಕೇ ವಾರಗಟ್ಟಲೆ ಕಾಯಬೇಕು. ಬೆಲೆ ನೇರ ರೈಲಿನ ಎರಡು ಮೂರು ಪಟ್ಟು ಆಗುವುದು ಮಾಮೂಲು. ನಿಮ್ಮ ಮನೆಗೆ ಮಾಡಿದ ರೈಲು ನಿಮ್ಮ ಮನೆಗೆ ಮಾತ್ರ. ವಾಪಸ್ ತೆಗೆದುಕೊಂಡರೆ ಕುರ್ಚಿಗೆ ಏನಾದರೂ ಕೊಡಬಹುದು, ರೈಲಿಗೆ ಏನೂ ಹುಟ್ಟುವುದಿಲ್ಲ. ಇನ್ನೊಂದು ಮಾತು, ಅಳತೆ ಆದ ಮೇಲೆ ಮೆಟ್ಟಿಲ ಮೇಲೆ ಟೈಲ್ಸ್, ಹೊಸ ಕಲ್ಲು ಅಂತ ಏನೂ ಹಾಕಿಸಬೇಡ. ಎತ್ತರ ಬದಲಾದರೆ ರೈಲು ಸರಿಯಾಗಿ ಕೂರದೇ ಹೋಗಬಹುದು.

ಖರ್ಚು ಉಳಿಸೋಕೆ ಎರಡು ನೇರ ರೈಲು ಹಾಕಿಸಬಹುದು ಅಂತ ಯಾರೋ ನಿನಗೆ ಹೇಳಿದ್ದಾರೆ ಅಂದೆಯಲ್ಲ. ಅಂದರೆ ಅಮ್ಮ ನಡುವಿನ ಲ್ಯಾಂಡಿಂಗಿನಲ್ಲಿ ಇಳಿದು, ನಡೆದು, ಇನ್ನೊಂದು ಕುರ್ಚಿಗೆ ಕೂರಬೇಕು. ಲೆಕ್ಕಕ್ಕೆ ಚೆನ್ನಾಗಿದೆ. ಆದರೆ ಅವರಿಗೆ ಕಷ್ಟ ಇರುವುದೇ ಕೂತು ಏಳುವುದರಲ್ಲಿ. ಒಂದು ಸಲ ಹತ್ತೋಕೆ ಎರಡೆರಡು ಸಲ ಕೂತು ಎದ್ದು ಮಾಡಿಸುವುದು, ಅದೂ ಒಂದು ಕಡೆ ಮೇಲಿನ ಮೆಟ್ಟಿಲು, ಇನ್ನೊಂದು ಕಡೆ ಕೆಳಗಿನ ಮೆಟ್ಟಿಲು ಇರುವ ಇಷ್ಟಗಲ ಜಾಗದಲ್ಲಿ, ನನಗಂತೂ ಒಪ್ಪಿಗೆ ಇಲ್ಲ.

ಮನೆಯೊಳಗೆ ಪೂರ್ತಿ ಲಿಫ್ಟೇ ಹಾಕಿಸೋಣ ಅಂದರೆ ಮೇಲಿನ ಸ್ಲ್ಯಾಬ್ ಒಡೆಯಬೇಕು, ಹಾಲ್‌ನಲ್ಲಿ ಒಂದು ಮೂಲೆ ಹೋಗುತ್ತದೆ. ಮುಂದೆ ವೀಲ್‌ಚೇರ್ ಬೇಕಾಗುವ ಹಾಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ, ಯಾಕೆಂದರೆ ಈ ಕುರ್ಚಿಯಲ್ಲಿ ವೀಲ್‌ಚೇರ್ ಮೇಲೆ ಹೋಗುವುದಿಲ್ಲ. ಅಮ್ಮನ ಮಂಡಿ ನೋಡಿದ ಡಾಕ್ಟರು ಅಂಥದ್ದೇನೂ ಹೇಳಿಲ್ಲ.

ಕೆಳಗೇ ಇರಲಿ, ಹಾಲ್‌ನಲ್ಲಿ ಮಂಚ ಹಾಕೋಣ ಅನ್ನುವ ನಿನ್ನ ಅಕ್ಕನ ಮಾತಿಗೆ ಬೆಲೆ ಇದೆ. ಬಹಳ ಮನೆಗಳಲ್ಲಿ ಅದೇ ಸರಿಯಾದ ದಾರಿ. ಆದರೆ ಕೆಳಗೆ ಸ್ನಾನದ ಮನೆ ಇಲ್ಲ, ಟಾಯ್ಲೆಟ್ ಇರುವುದು ಹಿಂದಿನ ಯುಟಿಲಿಟಿ ದಾಟಿ. ರಾತ್ರಿ ಅಲ್ಲಿಗೆ ಹೋಗಿಬರುವುದೂ ಸಣ್ಣ ಅಪಾಯವಲ್ಲ. ಇದಕ್ಕಿಂತ ಮುಖ್ಯ, ನಾನು ಅಮ್ಮನನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರ ಮನೆ ಮೇಲಿದೆ ಕಣಪ್ಪ. ಕೆಲಸದವಳ ಕೈಲಿ ದೀಪ ಹಚ್ಚಿಸ್ತಿದೀನಿ" ಅಂದರು. ಅಷ್ಟು ಸಾಕಲ್ವಾ? 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ರಿಸ್ಪೆನ್ ಅನ್ನುವವರು ಇಂಥ ಕುರ್ಚಿ ಮಾಡೋಕೆ ಹೊರಟಿದ್ದೂ ಕಾಯಿಲೆ ಬಿದ್ದ ತಮ್ಮ ಗೆಳೆಯ ಮನೆಯ ಮಹಡಿ ಹತ್ತಲಿ ಅಂತಲೇ. ಮನೆಯ ಒಂದು ಭಾಗ ಕೈತಪ್ಪಿ ಹೋಗುವುದು ಎಷ್ಟು ದೊಡ್ಡ ವಿಷಯ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು.

ಕಂಪನಿಯಿಂದ ಮೆಟ್ಟಿಲು ನೋಡೋಕೆ ಬಂದ ಹುಡುಗ ಎಲ್ಲಾ ಪ್ರಶ್ನೆ ನನ್ನನ್ನೇ ಕೇಳುತ್ತಿದ್ದ. ಅಜ್ಜಿ ತೂಕ ಎಷ್ಟು, ಅಜ್ಜಿ ಬಲಗೈ ಸರಿ ಇದೆಯಾ ಅಂತ. ಅವರು ಅಲ್ಲೇ ಕೂತಿದ್ದಾರೆ, ಅವರನ್ನೇ ಕೇಳಪ್ಪ ಅಂದೆ. ಆಮೇಲೆ ನೋಡು, ಒಂದು ಒಳ್ಳೆ ಮಾತು ಹೊರಬಂತು. ಅವರ ಎಡಗೈ ಬೆರಳುಗಳು ಬೆಳಿಗ್ಗೆ ಹೊತ್ತು ಬಿಗಿದುಕೊಂಡಿರುತ್ತವಂತೆ. ಈ ಕುರ್ಚಿಯಲ್ಲಿ ತೋಳಿನ ತುದಿಯ ಬಟನ್ ಒತ್ತಿ ಹಿಡಿದಿರುವ ತನಕ ಮಾತ್ರ ಅದು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ಮೇಲೆ ಹೋಗೋಕೆ ಒಂದು ನಿಮಿಷದಷ್ಟು ಹಿಡಿಯುತ್ತದೆ. ಇಂಥ ಕುರ್ಚಿಗಳಿಗೆ ಇರುವ ಯುರೋಪಿನ ಇಎನ್ 81-40 ಮಾನದಂಡದ ಪ್ರಕಾರ ವೇಗ ಸೆಕೆಂಡಿಗೆ 15 ಸೆಂಟಿಮೀಟರ್ ದಾಟುವ ಹಾಗಿಲ್ಲ, ತಿರುವಿನಲ್ಲಿ ಇನ್ನೂ ನಿಧಾನ. ಅಷ್ಟು ಹೊತ್ತೂ ಒತ್ತಿ ಹಿಡಿಯಬೇಕು. ಹಾಗಾಗಿ ಕಂಟ್ರೋಲ್ ಬಲಗಡೆ ತೋಳಿಗೆ ಇರಲಿ, ಸಣ್ಣ ಬಟನ್ ಬೇಡ, ಅಂಗೈಯಿಂದ ತಳ್ಳುವಂಥ ಜಾಯ್‌ಸ್ಟಿಕ್ ಇರಲಿ ಅಂತ ಬರೆಸು. ಇಎನ್ 81-40ರ ಸರ್ಟಿಫಿಕೇಟ್ ಪ್ರತಿಯನ್ನೂ ಇಬ್ಬರ ಹತ್ತಿರ ಕೇಳು.

ಅಮ್ಮನನ್ನು ಊಟದ ಕುರ್ಚಿಯಲ್ಲಿ ಗೋಡೆಗೆ ಒತ್ತಿ ಕೂರಿಸಿ, ಬೆನ್ನಿನಿಂದ ಮಂಡಿ ತುದಿ ತನಕ ಅಳೆದೆ. ಎರಡು ಅಡಿಗೆ ಸ್ವಲ್ಪ ಕಮ್ಮಿ. ಮೆಟ್ಟಿಲು ಮೂರು ಅಡಿ ಅಗಲ, ಅದರಲ್ಲಿ ರೇಲಿಂಗ್ ಕಂಬಿ ಎರಡೂವರೆ ಇಂಚು ತಿನ್ನುತ್ತದೆ. ಕೂತವರು ಪಕ್ಕಕ್ಕೆ ಮುಖ ಮಾಡಿ ಹೋಗುವುದರಿಂದ ಮಂಡಿ ಎದುರಿನ ಕಡೆಗೆ ಚಾಚಿರುತ್ತದೆ. ಜಾಗ ಸಾಕು, ಆದರೆ ಧಾರಾಳ ಇಲ್ಲ. ರೈಲನ್ನು ಹೊರಗೋಡೆಯ ಕಡೆ ಹಾಕಿಸು ಅಂತ ನನ್ನ ಸಲಹೆ. ಒಳಬದಿಗೆ ಹಾಕಿದರೆ ರೈಲು ಗಿಡ್ಡ, ಹತ್ತುವ ಬೇರೆಯವರಿಗೆ ಅಗಲದ ಜಾಗ ಉಳಿಯುತ್ತದೆ, ನಿಜ. ಆದರೆ ಮೇಲೆ ಬೀರುವಿನ ಕಡೆ ಬಾಗಿ ಹೋಗೋಕೆ ನಿಮ್ಮ ಮನೆಯಲ್ಲಿ ಹೊರಗೋಡೆಯೇ ಸರಿ. ತಿರುವಿನಲ್ಲಿ ತಲೆ ಮೇಲಿನ ಬೀಮ್ ಕೂಡ ನೋಡಿದೆ, ಕೂತವರ ತಲೆಗೆ ತಗಲುವುದಿಲ್ಲ.

ಗೋಡೆ ಹಾಳಾಗುತ್ತದೆ ಅನ್ನುವ ಚಿಂತೆ ಬೇಡ. ರೈಲಿನ ಕಾಲುಗಳು ಗೋಡೆಗಲ್ಲ, ಮೆಟ್ಟಿಲಿಗೇ ಬೋಲ್ಟ್ ಆಗುತ್ತವೆ. ಚಿಂತೆ ಮಾಡಬೇಕಾದ್ದು ಗ್ರಾನೈಟಿನದು. ಒಂದು ರೂಪಾಯಿ ನಾಣ್ಯದಿಂದ ಪ್ರತಿ ಮೆಟ್ಟಿಲನ್ನೂ ತಟ್ಟಿ ನೋಡಿದೆ. ಮೂರನೆಯದು ಮತ್ತು ಲ್ಯಾಂಡಿಂಗಿನ ಮೂಲೆಯ ಕಲ್ಲು ಟೊಳ್ಳು ಸದ್ದು ಮಾಡುತ್ತವೆ. ಕೆಳಗೆ ಸಿಮೆಂಟು ತುಂಬಿಲ್ಲ. ಅಲ್ಲಿ ಬೋಲ್ಟ್ ಹಾಕಿದರೆ ಕಲ್ಲು ಸೀಳುತ್ತದೆ. ನಮ್ಮ ಮೇಸ್ತ್ರಿಗೆ ಹೇಳಿದ್ದೇನೆ, ಅವೆರಡನ್ನೂ ಎಬ್ಬಿಸಿ, ಅದೇ ಮಟ್ಟಕ್ಕೆ ಮತ್ತೆ ಕೂರಿಸುತ್ತಾರೆ. ಇದು ಅಳತೆಯ ಫೋಟೋಗೆ ಮುಂಚೆ ಆಗಬೇಕು. ಕಲ್ಲು ಕೊರೆಯುವಾಗ ಡ್ರಿಲ್ಲನ್ನು ಬಡಿಯುವ ಹ್ಯಾಮರ್ ಮೋಡ್‌ಗೆ ಹಾಕದೆ ಕೊರೆಯಲಿ ಅಂತ ಕಂಪನಿಯವರಿಗೂ ಹೇಳು.

ಕರೆಂಟ್ ಹೋದರೆ ಅಮ್ಮ ನಡುವೆ ಸಿಕ್ಕಿಕೊಂಡರೆ ಅಂತ ಹೆದರಿದ್ದೀಯ. ಕುರ್ಚಿ ಓಡುವುದು ಬ್ಯಾಟರಿ ಮೇಲೆ. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಗೋಡೆಯ ಕರೆಂಟು ಬರೀ ಚಾರ್ಜಿಗೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಬೆಸ್ಕಾಂನವರು ಬರುವ ತನಕ ಕತ್ತಲೆಯಲ್ಲಿ ಕೂತಿದ್ದರೂ ಕೆಲವು ಸಲ ಹತ್ತಿ ಇಳಿಯುವಷ್ಟು ಚಾರ್ಜ್ ಇರುತ್ತದೆ. ಯುಪಿಎಸ್‌ಗೆ ಸೇರಿಸುವುದೂ ಬೇಡ. ಆದರೆ ಚಾರ್ಜ್ ಆಗುವುದು ನಿಲ್ಲುವ ಜಾಗಗಳಲ್ಲಿ ಮಾತ್ರ ಅನ್ನುವ ಮಾದರಿಗಳೇ ಜಾಸ್ತಿ, ನಡುವೆ ಬಿಟ್ಟರೆ ಕೂಗಿಕೊಳ್ಳುತ್ತದೆ. ನಿಮ್ಮಮ್ಮನಿಗೆ ರಾತ್ರಿ ಮಲಗುವ ಮುಂಚೆ ಮನೆಯ ಸ್ವಿಚ್ಚೆಲ್ಲಾ ಆರಿಸಿಕೊಂಡು ಬರುವ ಅಭ್ಯಾಸ ಇದೆ ಅಲ್ವಾ. ಇದರ ಸ್ವಿಚ್ಚನ್ನೂ ಆರಿಸಿದರೆ ಬ್ಯಾಟರಿ ಬರಿದಾಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಪಾಯಿಂಟನ್ನು ಎತ್ತರದಲ್ಲಿ ಹಾಕಿಸು, ಅರ್ಥಿಂಗ್ ಪರೀಕ್ಷೆ ಮಾಡಿಸು, ಮೇಲೆ 'ಆರಿಸಬೇಡಿ' ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸು. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅದರ ಬೆಲೆ ಇವತ್ತೇ ಕೇಳಿಟ್ಟುಕೊ.

ಕಂಪನಿಯವರ ಫೋಟೋಗಳಲ್ಲಿ ಎಲ್ಲರೂ ಪ್ಯಾಂಟ್ ಹಾಕಿದವರೇ. ಅಮ್ಮ ಸೀರೆಯುಡುವವರು. ಫುಟ್‌ರೆಸ್ಟಿನ ಅಂಚಿಗೆ ಏನಾದರೂ ತಗುಲಿದರೆ ಕುರ್ಚಿ ತಾನೇ ನಿಲ್ಲುತ್ತದೆ, ಅದಕ್ಕೆ ಸೆನ್ಸರ್ ಇದೆ. ಆದರೆ ಸೀರೆ ಸೆರಗಿನಂಥ ಮೆತ್ತಗಿನ ಬಟ್ಟೆಯನ್ನೂ ಅದು ಹಿಡಿಯುತ್ತದೆ ಅಂತ ನಂಬಿಕೊಳ್ಳುವುದು ಬೇಡ. ರೈಲಿನಲ್ಲಿ ಹಲ್ಲಿನ ಪಟ್ಟಿ ಇರುತ್ತದೆ, ಮೋಟಾರಿನ ಗಾಲಿ ಅದನ್ನು ಕಚ್ಚಿಕೊಂಡೇ ಹತ್ತುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಮಂಡಿಗಳ ನಡುವೆ ಒಟ್ಟುಮಾಡಿ, ಆಮೇಲೆ ಬೆಲ್ಟ್ ಹಾಕುವುದು, ಇದೇ ಕ್ರಮ ರೂಢಿಯಾಗಬೇಕು. ಹೂವಿನ ಬುಟ್ಟಿ, ತೀರ್ಥದ ಲೋಟ ಕೈಲಿ ಹಿಡಿದು ಕೂರುವುದು ಬೇಡ. ಹೆಗಲಿಗೆ ಅಡ್ಡ ಹಾಕುವ ಒಂದು ಬಟ್ಟೆ ಚೀಲ ಹೊಲಿಸಿಕೊಡಿ ಅಂತ ಅವರೇ ಕೇಳಿದ್ದಾರೆ.

ನಿನ್ನ ಮಗಳು ರಜಕ್ಕೆ ಬಂದಾಗ ಕುರ್ಚಿಯ ಕೀ ತೆಗೆದಿಡು. ವಾರಂಟಿ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಬಗ್ಗೆ ನೀನು ನನಗಿಂತ ಚೆನ್ನಾಗಿ ಮಾತಾಡುತ್ತೀಯ. ಬೆಂಗಳೂರಿನಲ್ಲೇ ಸರ್ವಿಸ್ ಹುಡುಗರು ಇದ್ದಾರಾ, ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ಮಾತ್ರ ಕಾಗದದ ಮೇಲೆ ಇರಲಿ.

ದುಡ್ಡು ಕೊಡುವ ಮುಂಚೆ ಅಮ್ಮ ಒಂದು ಸಲ ಆ ಸೀಟಿನಲ್ಲಿ ಕೂತು ಎದ್ದು ನೋಡಲೇಬೇಕು. ಇಬ್ಬರ ಹತ್ತಿರವೂ ತೋರಿಸೋಕೆ ಇಟ್ಟ ಕುರ್ಚಿ ಇದೆಯಂತೆ, ನಾನು ಕರೆದುಕೊಂಡು ಹೋಗುತ್ತೇನೆ. ಕಾಲು ಫುಟ್‌ರೆಸ್ಟಿಗೆ ಪೂರ್ತಿ ಊರುತ್ತದಾ, ಯಾರ ಕೈಯನ್ನೂ ಹಿಡಿಯದೆ ಏಳೋಕೆ ಆಗುತ್ತದಾ, ಬೆಲ್ಟಿನ ಬಕಲ್ ಆ ಬೆರಳಿಗೆ ಬಗ್ಗುತ್ತದಾ ನೋಡಬೇಕು. ಎದ್ದ ತಕ್ಷಣ ತಲೆ ಸುತ್ತುತ್ತದೆ ಅಂತ ಒಮ್ಮೆ ಹೇಳಿದ್ದರು, ಬಿಪಿ ಮಾತ್ರೆ ಬಗ್ಗೆ ಡಾಕ್ಟರ ಹತ್ತಿರ ಅದಕ್ಕೂ ಮುಂಚೆ ಮಾತಾಡು. ಫಿಸಿಯೋ ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನು ಕುರ್ಚಿ ಬಂತು ಅಂತ ಬಿಡೋ ಹಾಗಿಲ್ಲ, ಅದನ್ನು ನೀನೇ ಹೇಳು, ನಿನ್ನ ಮಾತು ಕೇಳುತ್ತಾರೆ.

ಕಮ್ಮಿ ಬೆಲೆಯವರಿಗೂ ಇವತ್ತೇ ಫೋನ್ ಮಾಡು. ರೈಲನ್ನು ಮೇಲೆ ಗೋಡೆಗುಂಟ ಬಾಗಿಸಿ ಬೀರುವಿನ ತನಕ ತಂದರೆ ಎಷ್ಟಾಗುತ್ತದೆ ಅಂತ ಕೇಳು. ಆಗುತ್ತದೆ ಅಂದರೆ ಅವರಿಗೇ ಕೊಡೋಣ. ಆಗುವುದಿಲ್ಲ ಅಂದರೆ ಇನ್ನೊಬ್ಬರಿಗೆ ಅಡ್ವಾನ್ಸ್ ಕಳಿಸು. ಬೀರುವನ್ನು ಎರಡು ಅಡಿ ಪಕ್ಕಕ್ಕೆ ಸರಿಸಬೇಕು, ಅಪ್ಪನ ಪುಸ್ತಕಗಳನ್ನು ನಾನು ಮತ್ತು ಅಮ್ಮ ಸೇರಿ ಇಳಿಸಿಡುತ್ತೇವೆ.

ನಿನ್ನ ಪ್ರೀತಿಯ ಸ್ನೇಹಿತ